ಮಕ್ತುಮಸಾಬನ ಚಾಕು ತವರಿಗೆ ಹೋದದ್ದು

ಹೊರಡುವ ಮುನ್ನ

ವಿಲಾಯತಿಗೆ ಹೋಗಿ ಬಂದವರು ಅಲ್ಲಿಯ ಅರಮನೆ, ಸೇತುವೆ, ಮಂಜುಗಳ ಬಗ್ಗೆ ಬರೆಯುವುದು ರೂಢಿ. ನಾನೂ ಅವನ್ನೆಲ್ಲ ನೋಡಿದೆ. ಆದರೆ ನೋಡುವಾಗ ನನ್ನ ಬಲಗೈ ಕೋಟಿನ ಒಳಕಿಸೆಯ ಮೇಲೆ ಇರುತ್ತಿತ್ತು, ಮನಸ್ಸು ಕಿಸೆಯ ಒಳಗೆ ಇರುತ್ತಿತ್ತು. ಹೀಗಾಗಿ ಅರಮನೆಯ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಹೆದರಿಕೆಯ ಬಗ್ಗೆ ಕೇಳಿದರೆ ನಾಲ್ಕು ಮಾತು ಹೇಳಬಲ್ಲೆ. ಹದಿನೆಂಟು ದಿನ ಅದೊಂದನ್ನೇ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೇನೆ.

ಕಿಸೆಯಲ್ಲಿದ್ದದ್ದು ಒಂದು ಮಡಚುವ ಚಾಕು. ನನ್ನದಲ್ಲ, ತಂಬೂರ ಎಂಬ ಹಳ್ಳಿಯ ಮಕ್ತುಮಸಾಬನದು. ಕಲಘಟಗಿ ಸೀಮೆಯಲ್ಲಿ ಮಾವಿನ ಕಸಿ ಕಟ್ಟುವುದರಲ್ಲಿ ಅವನ ಕೈಗೆ ಸಮನಾದ ಇನ್ನೊಂದು ಕೈ ಇರಲಿಲ್ಲ. ಸಸಿಯ ಮೈಯಲ್ಲೊಂದು ಚೂರು ಕೆತ್ತಿ, ಹಳೇ ಮರದ ಟೊಂಗೆಯಲ್ಲೊಂದು ಚೂರು ಕೆತ್ತಿ, ಎರಡು ಗಾಯಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿಬಿಡುವುದು. ಕೂಡಿದರೆ ಗಿಡ, ಕೂಡದಿದ್ದರೆ ಕಟ್ಟಿಗೆ. ಮಳೆ ಹಿಡಿದ ಮೇಲೆ ಎರಡು ತಿಂಗಳು ಅವನು ತೋಟದಿಂದ ತೋಟಕ್ಕೆ ತಿರುಗುತ್ತಿದ್ದ. ವರ್ಷದ ಉಳಿದ ಹತ್ತು ತಿಂಗಳು ಅವನ ಮನೆ ಆ ಎರಡು ತಿಂಗಳನ್ನೇ ಉಣ್ಣುತ್ತಿತ್ತು.

ಚಾಕು ಅವನ ಅಜ್ಜನಿಗೆ ಯಾವನೋ ಬಿಳಿಯ ಸಾಹೇಬ ಬಿಟ್ಟುಹೋದದ್ದು. ಕರಿ ಕೊಂಬಿನ ಹಿಡಿ, ಒಂದೇ ಅಲಗು, ಅಲಗಿನ ಬುಡದಲ್ಲಿ ಅರ್ಧ ಸವೆದ ಇಂಗ್ಲೀಷು ಅಕ್ಷರ: ಶೆಫೀಲ್ಡ್. ಹೊಳೆಯುವ ಸ್ಟೇನ್‌ಲೆಸ್ ಅಲ್ಲ. ಕಪ್ಪಾಗುವ, ಮರೆತರೆ ತುಕ್ಕು ಹಿಡಿಯುವ ಹಳೆಯ ಉಕ್ಕು. ಮಾವಿನ ಸೊನೆ ಕುಡಿದು ಕುಡಿದು ಅಲಗು ನವಿಲಿನ ಕುತ್ತಿಗೆಯ ಬಣ್ಣಕ್ಕೆ ತಿರುಗಿತ್ತು. ಹುಬ್ಬಳ್ಳಿಯಿಂದ ಯಾರೋ ತಂದುಕೊಟ್ಟ ಸ್ಟೇನ್‌ಲೆಸ್ ಚಾಕುವನ್ನು ಮಕ್ತುಮಸಾಬ ಒಂದೇ ಮಾತಿನಲ್ಲಿ ಮುಗಿಸಿದ್ದ: “ಮದಿವಿ ಮನ್ಯಾಗ ತೋರ್ಸಾಕ ಚಲೋ ಐತ್ರಿ. ಟೊಂಗಿಗೆ ಹಚ್ಚಿದ್ರ ಕಚ್ಚತೈತಿ, ಕೊಯ್ಯಂಗಿಲ್ಲ.”

ಕಸಿ ಮುಗಿದ ಮೇಲೆ ಚಾಕು ಪ್ರತಿವರ್ಷ ನನ್ನ ಕಪಾಟಿಗೆ ಬರುತ್ತಿತ್ತು. ಅವನ ಮನೆಯಲ್ಲಿ ಮೊಮ್ಮಕ್ಕಳ ದಂಡು, ನನ್ನ ಮನೆಯಲ್ಲಿ ಕೀಲಿ ಇರುವ ಕಪಾಟು. ಒಂದು ವರ್ಷ ನನಗೆ ಕರ್ತವ್ಯಪ್ರಜ್ಞೆ ಉಕ್ಕಿತು. ನನ್ನ ಹೆಂಡತಿಯ ತವರು ನವಲಗುಂದ ಕಡೆಯ ಎರೆಸೀಮೆ. ಅಲ್ಲಿಂದ ಗಾಣದ ಕುಸುಬಿ ಎಣ್ಣೆ ಬರುತ್ತದೆ. ಒಗ್ಗರಣೆಯಿಂದ ಮೊಳಕಾಲ ನೋವಿನ ತನಕ ಆ ಎಣ್ಣೆ ಬಗೆಹರಿಸದ ಸಮಸ್ಯೆ ನಮ್ಮ ಮನೆಯಲ್ಲಿಲ್ಲ. ಚಾಕುವಿನ ಸಂದಿಯೊಳಗೆ ಅದನ್ನು ಧಾರಾಳವಾಗಿ ಹುಯ್ದು, ಬಟ್ಟೆ ಸುತ್ತಿ, ಕೀಲಿ ಹಾಕಿ, ಒಂದು ಸತ್ಕಾರ್ಯ ಮಾಡಿದವನ ಮುಖ ಹೊತ್ತು ಎಂಟು ತಿಂಗಳು ತಿರುಗಿದೆ. ಎಂಟು ತಿಂಗಳ ಮೇಲೆ ತೆಗೆದರೆ ಚಾಕು ಬಾಯಿ ತೆರೆಯಲೊಲ್ಲದು. ಉಗುರು ಹಾಕಿ ಎಳೆದೆ. ಇಕ್ಕಳ ಹಾಕಿ ಎಳೆದೆ. ಒಳಗೆ ಏನೋ ಸಣ್ಣಗೆ “ಚಟ್” ಎಂದಿತು. ಅಲಗು ತೆರೆಯಿತು, ಆದರೆ ನಿಲ್ಲಲಿಲ್ಲ. ಹಲ್ಲು ಬಿದ್ದ ದವಡೆಯ ಹಾಗೆ ಅತ್ತಿತ್ತ ಆಡತೊಡಗಿತು. ಬೆನ್ನಿನ ಸ್ಪ್ರಿಂಗು ಮುರಿದಿತ್ತು.

ಮಕ್ತುಮಸಾಬ ಅದನ್ನು ಬಹಳ ಹೊತ್ತು ನೋಡಿ, “ಅದಕ್ಕೂ ವಯಸ್ಸಾತ್ರಿ, ಮಾಸ್ತರ,” ಎಂದ.

ಅಲ್ಲಿ ನಾನೊಂದು ಮಾತು ಆಡಬೇಕಿತ್ತು. “ಹೌದಪಾ, ವಯಸ್ಸು,” ಎಂದೆ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಸತ್ಯದ ಮೇಲೆ ಪ್ರಬಂಧ ಬರೆಸಿದವನು ನಾನು.

ಆ ಮಳೆಗಾಲ ಅವನು ಕೀಲಿನ ಸುತ್ತ ದಾರ ಬಿಗಿದುಕೊಂಡು ಕೆಲಸ ಮಾಡಿದ. ಒಂದು ದಿನ ದಾರ ಜಾರಿ, ಅಲಗು ಮಡಚಿಕೊಂಡು, ತೋರುಬೆರಳನ್ನು ಎಲುಬಿನ ತನಕ ಕೊಯ್ದಿತು. ಆಮೇಲೆ ಬೇರೆ ಚಾಕುಗಳಿಂದ ಕಟ್ಟಿದ ಕಸಿಗಳು ಅರ್ಧಕ್ಕರ್ಧ ಒಣಗಿದವು. ತೋಟದವರು ಬೇರೆ ಆಳನ್ನು ಹುಡುಕತೊಡಗಿದರು. “ಇನ್ನೊಂದ ಮಳಿಗಾಲ ಹಿಂಗಾತಂದ್ರ ಕಸಬು ಬಿಟ್ಟಬಿಡ್ತೀನ್ರಿ,” ಎಂದ.

ಅಷ್ಟರಲ್ಲಿ ನಮ್ಮ ಹಣ್ಣು ಬೆಳೆಗಾರರ ಸಂಘದಿಂದ ವಿಲಾಯತಿಯ ತೋಟಗಳನ್ನು ನೋಡಲು ಕೆಲವರು ಹೋಗುವುದೆಂದಾಯಿತು. ಮನೆಯ ಹಿಂದೆ ಸಣ್ಣದೊಂದು ಮಾವಿನ ತೋಟ ಇದ್ದರೂ ಹಣ್ಣಿನ ಬಗ್ಗೆ ನನಗೆ ತಿಳಿದದ್ದು ತಿನ್ನುವುದೊಂದೇ. ಆದರೆ ಇಂಗ್ಲೀಷಿನಲ್ಲಿ ಅರ್ಜಿ ಬರೆಯಬಲ್ಲವನು ಸಂಘದಲ್ಲಿ ನಾನೊಬ್ಬನೇ. ಬರೆದವನ ಹೆಸರು ಅರ್ಜಿಯಲ್ಲಿ ಮೊದಲು ಬರುವುದು ಸಹಜ. ಹೋಗುವ ಊರುಗಳ ಪಟ್ಟಿಯಲ್ಲಿ ಶೆಫೀಲ್ಡ್ ಇತ್ತು.

ಸುದ್ದಿ ಕೇಳಿ ಮಕ್ತುಮಸಾಬ ಚಾಕು ತಂದು ನನ್ನ ಮುಂದೆ ನೆಲದ ಮೇಲೆ ಇಟ್ಟ. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವನಿಗೂ ತಗೊಂಡವನಿಗೂ ಜಗಳ ಹತ್ತುತ್ತದೆ. ಒಬ್ಬ ಇಡಬೇಕು, ಇನ್ನೊಬ್ಬ ಎತ್ತಿಕೊಳ್ಳಬೇಕು.

“ತವರಮನಿಗೆ ಕರಕೊಂಡ ಹೊಂಟೀರಿ. ಮಳಿ ಹಿಡಿಯೂದ್ರಾಗ ತಿರಗಿ ಕರಕೊಂಡ ಬರ್ರಿ,” ಎಂದ, ಮಗಳನ್ನು ಕಳಿಸಿಕೊಡುವವನ ಹಾಗೆ.

ಒಳಗಿನಿಂದ ನನ್ನ ಹೆಂಡತಿ, “ದೂರದ ದಾರಿ, ಒಂದಿಷ್ಟ ಎಣ್ಣಿ ಹಚ್ಚಿಕೊಡ್ಲ್ಯಾ?” ಎಂದಳು.

ನಾನು “ಬ್ಯಾಡ!” ಎಂದ ರಭಸಕ್ಕೆ ಇಬ್ಬರೂ ನನ್ನ ಮುಖ ನೋಡಿದರು.

ಮುಂಬಯಿ

ವಿಮಾನಗಳನ್ನು ಹೆದರಿಸಿ ಎತ್ತಿಕೊಂಡು ಹೋಗುವವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ಚಾಕುವನ್ನು ಟ್ರಂಕಿನಲ್ಲಿ ಹಾಕಿದ್ದರೆ ಮುಗಿಯುತ್ತಿತ್ತೆಂದು ಆಮೇಲೆ ಎಲ್ಲರೂ ಹೇಳಿದರು. ಟ್ರಂಕು ಕಳೆದರೆ? ಒಬ್ಬ ಮನುಷ್ಯನ ಅನ್ನವನ್ನು ಟ್ರಂಕಿಗೆ ನಂಬಿ ಕೊಡುವಷ್ಟು ಧೈರ್ಯ ನನಗಿರಲಿಲ್ಲ. ಕಿಸೆಯಲ್ಲೇ ಇಟ್ಟುಕೊಂಡಿದ್ದೆ.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಎಲ್ಲರ ಮೈ ತಡವಿ ನೋಡುತ್ತಿದ್ದ. ಅವನ ಕೈ ನನ್ನ ಕೋಟಿನ ಮೇಲೆ ನಿಂತಿತು.

“ಏನಿದು?”

“ಚಾಕು.”

“ಯಾಕೆ?”

“ಮಾವಿನ ಕಸಿ ಕಟ್ಟುವುದಕ್ಕೆ.”

“ವಿಮಾನದಲ್ಲಿ ಮಾವಿನ ಮರ ಇದೆಯೇ?” ಎನ್ನುತ್ತ ಅವನು ಕೈ ಚಾಚಿದ.

ನನ್ನ ಬುದ್ಧಿ ಆಗಲೇ ಊರಿಗೆ ಓಡಿಹೋಗಿತ್ತು. ಅಭ್ಯಾಸ ಮಾತ್ರ ನನ್ನ ಜೊತೆ ಉಳಿದಿತ್ತು. ಚಾಕು ತೆಗೆದು ಅವನ ಕೈಗೆ ಕೊಡದೆ, ಬಗ್ಗಿ, ನೆಲದ ಮೇಲೆ ಮೆಲ್ಲಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಮರ್ಯಾದೆಯ ದೃಷ್ಟಿಯಿಂದ ಅದರಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಆ ಅಧಿಕಾರಿ ನಾಲ್ಕು ಹೆಜ್ಜೆ ಹಿಂದೆ ಸರಿದ. ನನ್ನ ಹಿಂದಿನ ಸಾಲು ಗೋಡೆಗೆ ಹೋಗಿ ಅಂಟಿತು. ಎಲ್ಲಿಂದಲೋ ಇಬ್ಬರು ಪೊಲೀಸರು ಬಂದು ನನ್ನ ಎರಡೂ ತೋಳು ಹಿಡಿದರು. ಸಿಡಿಯುವ ವಸ್ತುವನ್ನು ನೋಡುವ ಹಾಗೆ ಎಲ್ಲರೂ ಮಕ್ತುಮಸಾಬನ ಚಾಕುವನ್ನು ನೋಡಿದರು.

ನನ್ನ ಜೊತೆಗಾರ ಬಸಲಿಂಗಪ್ಪ, ಗುಡಗೇರಿಯ ಕಾಳಿನ ವ್ಯಾಪಾರಿ, ಸಂಘದ ಸದಸ್ಯ, ಅಷ್ಟು ಹೊತ್ತು ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದವನು, ಕೈ ತೆಗೆದು ಪಕ್ಕದವರಿಗೆ ಹೇಳುವುದು ಕೇಳಿಸಿತು: “ಯಾರೋ ಏನೋ, ನನಗ ಗುರ್ತ ಇಲ್ರಿ.”

ಅರ್ಧ ತಾಸು ವಿಚಾರಣೆಯಾಯಿತು. ಕಡೆಗೆ ಹಿರಿಯ ಅಧಿಕಾರಿಯೊಬ್ಬ ಬಂದು ನನ್ನ ಕಾಲಿನಿಂದ ತಲೆಯ ತನಕ ನೋಡಿ, ಈ ಮನುಷ್ಯ ವಿಮಾನ ಹೋಗಲಿ, ಟಾಂಗಾವನ್ನೂ ಅಪಹರಿಸಲಾರ ಎಂದು ತೀರ್ಮಾನಿಸಿದ. ಚಾಕುವನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ವಿಮಾನದ ಸಿಬ್ಬಂದಿಯ ವಶಕ್ಕೆ ಕೊಟ್ಟರು. ಇಳಿಯುವಾಗ ಸಿಗುತ್ತದೆ ಎಂದರು. ಸಿಗುತ್ತದೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ ನಾನು ಅರಬ್ಬೀ ಸಮುದ್ರ ದಾಟಿದೆ.

ಇಳಿಯುವಾಗ ಗಗನಸಖಿ ನಗುತ್ತ ಲಕೋಟೆ ಚಾಚಿದಳು. ಅಷ್ಟು ಒಳ್ಳೆಯ ಹುಡುಗಿಯ ಜೊತೆ ಜಗಳ ನನಗೆ ಬೇಕಿರಲಿಲ್ಲ. ಕುರ್ಚಿಯ ಮೇಲೆ ಇಡಲು ಸನ್ನೆ ಮಾಡಿದೆ. ಇಟ್ಟಳು. ಅವಳ ನಗೆ ಮಾತ್ರ ಅಲ್ಲಿಗೆ ಮುಗಿಯಿತು.

ಶೆಫೀಲ್ಡ್, ಮೊದಲ ದಿನ

ನಮ್ಮ ಕಮ್ಮಾರಸಾಲೆಯನ್ನು ಹಿಗ್ಗಿಸಿ ಅದಕ್ಕೆ ಟ್ರಾಫಿಕ್ ದೀಪ ಹಾಕಿದರೆ ಶೆಫೀಲ್ಡ್ ಆಗುತ್ತದೆ. ಗೋಡೆಗಳೆಲ್ಲ ಮಸಿ. ಗಾಳಿಯಲ್ಲಿ ಕಾದ ಕಬ್ಬಿಣದ ವಾಸನೆ. ಬಸ್ಸು ಹತ್ತಿದರೆ ಕಂಡಕ್ಟರ್, ನನ್ನಷ್ಟೇ ವಯಸ್ಸಿನ, ಮೀಸೆ ಇರುವ ಗಂಡಸು, ನನ್ನನ್ನು “ಲವ್”, ಅಂದರೆ “ಪ್ರಿಯೇ” ಎಂದು ಕರೆದ. ನಾನು ಕಿಸೆ ಹಿಡಿದುಕೊಂಡೆ. ಟಿಕೀಟು ಕೊಡುವಾಗ ಮತ್ತೆ “ಪ್ರಿಯೇ” ಎಂದ. ಬಸಲಿಂಗಪ್ಪ ಕಿವಿಯಲ್ಲಿ ಹೇಳಿದ: “ಮಾಸ್ತರ, ಇಳದಬಿಡೂಣು ಬರ್ರಿ. ಇಂವನ ಲಕ್ಷಣ ಚಲೋ ಇಲ್ಲ.” ಆ ಊರಿನಲ್ಲಿ ಗಂಡಸರು ಗಂಡಸರನ್ನೂ ಹಾಗೆಯೇ ಕರೆಯುತ್ತಾರೆಂಬುದು ತಿಳಿಯುವಷ್ಟರಲ್ಲಿ ನಾವು ಎರಡು ನಿಲ್ದಾಣ ಮೊದಲೇ ಇಳಿದು ಮಳೆಯಲ್ಲಿ ನಿಂತಿದ್ದೆವು.

ದಾರಿ ಕೇಳಲು ಅಲ್ಲಿದ್ದವನು ಒಬ್ಬನೇ, ಅವನೂ ಪೊಲೀಸ್. ಪೊಲೀಸನಿಗೆ ಚಾಕು ತೋರಿಸಿ ದಾರಿ ಕೇಳುವ ವಿಧಾನ ನನಗೆ ಯಾವ ವ್ಯಾಕರಣದಲ್ಲೂ ಸಿಕ್ಕಿರಲಿಲ್ಲ.

“ಕೇಳ್ರಿ, ಏನಾಗತೈತಿ?” ಎಂದ ಬಸಲಿಂಗಪ್ಪ. “ಒಳಗ ಹಾಕಿದ್ರ ಬೆಚ್ಚಗರ ಇರ್ತೀರಿ.”

ಕೇಳಿದೆ. ಪೊಲೀಸ್ ಚಾಕುವಿನ ಬುಡದ ಅಕ್ಷರ ನೋಡಿ, ತನ್ನ ತಂದೆಯೂ ಅಲಗು ಮಸೆಯುತ್ತಿದ್ದನೆಂದು ಹೇಳಿ, ಒಂದು ಓಣಿ ತೋರಿಸಿದ. ಹಿಡಿಯಲಿಲ್ಲವಲ್ಲ ಎಂದು ನನಗೇ ಸಂಶಯವಾಗಿ ಎರಡು ಸಲ ತಿರುಗಿ ನೋಡಿದೆ.

ಚಾಕು ಮಾಡಿದ ಕಾರಖಾನೆ ಮುಚ್ಚಿ ವರ್ಷಗಳಾಗಿದ್ದವು. ಅಂಗಳದ ಸುತ್ತಲಿನ ಸಣ್ಣ ಕೋಣೆಗಳಲ್ಲಿ ಮುದುಕರು ಒಬ್ಬೊಬ್ಬರೇ ಕೂತು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಒಂದು ಕೋಣೆಯ ಕತ್ತಲಲ್ಲಿ ಕಿಡಿ ಹಾರುತ್ತಿತ್ತು. ಒಳಗಿದ್ದವನ ಹೆಸರು ಆರ್ಥರ್. ತೊಗಲಿನ ಮುಂಬಟ್ಟೆ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಅವನ ಇಂಗ್ಲೀಷು ನಾನು ಶಾಲೆಯಲ್ಲಿ ಕಲಿತ ಇಂಗ್ಲೀಷಲ್ಲ; ಅಗದಿ ನಮ್ಮ ಸಂತೆಯ ಮಾತಿನ ಹಾಗೆ ನೆಟ್ಟಗೆ, ಮೊಂಡಾಗಿ ಬಂದು ಬಡಿಯುವಂಥದು. ಆದ್ದರಿಂದ ಅವನ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ನಾನು ಚಾಕುವನ್ನು ಅವನ ಮೇಜಿನ ಮೇಲೆ ಇಟ್ಟೆ. ಅವನು ತಲೆಯಾಡಿಸಿದ. “ಶಾಣ್ಯಾ ಅದಿ. ಇಲ್ಲೆ ಯಾರೂ ಕೈಯಾಗ ಕೊಡಂಗಿಲ್ಲ. ಕೊಟ್ರ ಬೆರಳ ಹೋಗ್ತಾವ.” ವಿಲಾಯತಿಯಲ್ಲಿ ನನ್ನ ನಡತೆ ಸರಿ ಎಂದು ಒಪ್ಪಿದವನು ಅವನೊಬ್ಬನೇ.

ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳನ್ನು ಅಂಚಿನ ಅಡ್ಡಕ್ಕೆ ಆಡಿಸಿದ. ಅವನ ಹುಬ್ಬು ಮೇಲಕ್ಕೆ ಹೋದವು. ಆಮೇಲೆ ಸೂಜಿಯಿಂದ ಸಂದಿಯೊಳಗೆ ಕೆರೆದ. ಕಲಘಟಗಿ ತೊಟ್ಟಿಲಿಗೆ ಹಚ್ಚುವ ಅರಗಿನ ಹಾಗೆ ಹಳದಿ ಚಕ್ಕೆಯೊಂದು ಎದ್ದು ಬಂತು. ಮೂಗಿಗೆ ಹಿಡಿದ.

“ಇದೇನ ಹಾಕೀರಿ?”

“ಎಣ್ಣೆ. ಕುಸುಬಿ ಎಂಬ ಒಂದು ಕಾಳಿನದು.”

“ಅಡಿಗಿ ಎಣ್ಣಿ!” ಎಂದ, ವಿಷ ಎನ್ನುವ ಧ್ವನಿಯಲ್ಲಿ. “ಗಾಳಿಗೆ ಒಣಗಿ ಅಂಟ ಆಗೂ ಜಾತಿ. ಇಂಥಾ ಎಣ್ಣೀನ ನಾವು ಬಾಗಿಲಕ್ಕ ಬಣ್ಣ ಹಚ್ಚಾಕ ಕಲಸ್ತೀವಿ. ಸ್ಪ್ರಿಂಗ್ ಮುಪ್ಪಿಗೆ ಮುರದದ್ದಲ್ಲ ಇದು. ಅಂಟಿದ್ದನ್ನ ಎಳದ ಮುರದಾರ. ಯಾವ ಹುಚ್ಚ ಮಾಡಿದಾ?”

ಆ ಕೋಣೆಯಿಂದ ತಂಬೂರಿಗೆ ಎಷ್ಟು ಸಾವಿರ ಮೈಲಿಯೋ. ಸತ್ಯ ಹೇಳಿದರೆ ನನಗೆ ಯಾವ ನಷ್ಟವೂ ಇರಲಿಲ್ಲ. ಆದರೂ ನಾನು ಹೇಳಿದ್ದು: “ಅದರ ಮಾಲಕ.”

ಬಸಲಿಂಗಪ್ಪ ಕಿಡಿ ನೋಡುತ್ತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ.

ಆರ್ಥರ್ ರಿವೆಟ್ಟುಗಳನ್ನು ಕೊರೆದು ತೆಗೆದ. ಹಿಡಿ ಬೇರೆ, ಅಲಗು ಬೇರೆ, ಮುರಿದ ಸ್ಪ್ರಿಂಗು ಎರಡು ಚೂರು. ಮಕ್ತುಮಸಾಬನ ಅಜ್ಜನ ಚಾಕು ಆ ಎಣ್ಣೆ ಮೆತ್ತಿದ ಮೇಜಿನ ಮೇಲೆ ತುಂಡುತುಂಡಾಗಿ ಬಿತ್ತು. “ತಿರುಗಿ ಕೂಡುತ್ತದೆಯೇ?” ಎಂದೆ.

“ನಾಳೆ ಬಾ. ಕೂಡಿದ್ರ ಕೂಡತೈತಿ, ಪ್ರಿಯೇ.”

ಶೆಫೀಲ್ಡ್, ಮರುದಿನ

ಮಧ್ಯಾಹ್ನಕ್ಕೆ ನಮ್ಮ ತಂಡದ ಬಸ್ಸು ಮುಂದಿನ ಊರಿಗೆ ಹೊರಡುವುದಿತ್ತು. ಹತ್ತು ಗಂಟೆಗೆ ಹೋದಾಗ ಆರ್ಥರ್ ಹೊಸ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಿದ್ದ. “ಚುಂಯ್” ಎಂದಿತು. ಆಮೇಲೆ ನನಗೆ ಪರಿಚಯವಿದ್ದ ಆ ಇನ್ನೊಂದು ಸದ್ದು ಬಂತು: “ಚಟ್.” ಸ್ಪ್ರಿಂಗು ಬಿರಿದಿತ್ತು. ಅವನು ಅದನ್ನು ಮೂಲೆಗೆ ಎಸೆದು, ಏನೂ ಆಗದವನ ಹಾಗೆ ಮತ್ತೊಂದನ್ನು ಕೆತ್ತತೊಡಗಿದ. ನಾನು ಗಡಿಯಾರ ನೋಡಿದೆ, ಮೂಲೆಯನ್ನು ನೋಡಿದೆ. ಮಕ್ತುಮಸಾಬನಿಗೆ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕೊಡುವ ದೃಶ್ಯ ಕಣ್ಣ ಮುಂದೆ ಬಂದು ಕೂತಿತು, ಏಳಲೊಲ್ಲದು.

ಎರಡನೆಯದು ಉಳಿಯಿತು. ಅದನ್ನು ಮತ್ತೆ ಮೆಲ್ಲಗೆ ಕಾಯಿಸಿದ. ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಬದನೆಯ ಬಣ್ಣಕ್ಕೆ ತಿರುಗಿತು, ನವಿಲಿನ ಕುತ್ತಿಗೆಯ ನೀಲಿ ಬಂದ ಕ್ಷಣ ಅವನು ತೆಗೆದುಬಿಟ್ಟ. “ಇದಕ್ಕಿಂತ ಮೊದಲ ತಗದ್ರ ಮುರೀತೈತಿ, ಆಮ್ಯಾಲೆ ತಗದ್ರ ಬಾಗತೈತಿ,” ಎಂದ.

ಬಾಗಿಲಲ್ಲಿ ಬಸಲಿಂಗಪ್ಪ ಏದುಸಿರು ಬಿಡುತ್ತ ನಿಂತ. “ಮಾಸ್ತರ, ಬಸ್ ಹೊಂಟೈತಿ! ನೀವು ಬರ್ತೀರೋ, ಇಲ್ಲೇ ಕಮ್ಮಾರಕಿ ಕಲೀತೀರೋ?”

ಆರ್ಥರ್ ಕಡೆಯ ರಿವೆಟ್ಟು ಬಡಿದು, ಚಾಕುವನ್ನು ಕಿವಿಯ ಹತ್ತಿರ ಹಿಡಿದು ತೆರೆದ, ಮುಚ್ಚಿದ. “ಟಕ್.” ಇನ್ನೊಮ್ಮೆ. “ಟಕ್.” ಆಗ ಅವನ ಮುಖ ಮೊದಲ ಸಲ ಸಡಿಲವಾಯಿತು. “ಕೇಳ್ತೇನ? ಚಾಕು ಹಿಂಗ ಮಾತಾಡಬೇಕು. ಅಲಗಿಗೆ ನಾ ಕೈ ಹಚ್ಚಿಲ್ಲ. ಇದನ್ನ ಮಸದಾಂವ ನನಗಿಂತ ಶಾಣ್ಯಾ.” ನನ್ನನ್ನೇ ನೋಡುತ್ತ ಕೇಳಿದ: “ಇಂಥಾ ಅಂಚ ಮಸಿಯೂ ಮನಷ್ಯಾ ಅಂಥಾ ಎಣ್ಣಿ ಹೆಂಗ ಹಾಕಿದಾ?”

ನಾನು ಮಳೆಯ ಕಡೆ ನೋಡಿದೆ.

ಅವನು ಒಂದು ಹಾಳೆ ಹರಿದು, ಪೆನ್ಸಿಲಿನಿಂದ ಏನೋ ಬರೆದು, ಮಡಚಿ ನನಗೆ ಕೊಟ್ಟ. “ಮಾಲಕಗ ಓದಿ ಹೇಳು.”

ಬಸ್ಸಿನಲ್ಲಿ ಕೂತು ಓದಿದೆ. ಆಮೇಲೆ ಮಡಚಿ ಒಳಕಿಸೆಯಲ್ಲಿ ಇಟ್ಟೆ. ಮರಳುವಾಗ ಚಾಕು ಟ್ರಂಕಿನಲ್ಲಿತ್ತು, ಚೀಟಿ ಕಿಸೆಯಲ್ಲಿತ್ತು. ಎರಡರಲ್ಲಿ ಹರಿತವಾದದ್ದು ಚೀಟಿಯೇ. ಈ ಸಲ ನನ್ನ ಮೈ ತಡವಿದ ಯಾವ ಅಧಿಕಾರಿಗೂ ಅದು ಸಿಗಲಿಲ್ಲ.

ತಂಬೂರ

ಚೀಟಿಯನ್ನು ಹರಿದುಹಾಕುವ ವಿಚಾರ ಹುಬ್ಬಳ್ಳಿಯಲ್ಲಿ ಬಂತು, ಕಲಘಟಗಿಯಲ್ಲಿ ಗಟ್ಟಿಯಾಯಿತು. ಆದರೆ ನಾನು ಹುಬ್ಬಳ್ಳಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ, ಕಾಳಿನ ವ್ಯಾಪಾರಕ್ಕೆಂದು ಎರಡು ದಿನ ಮೊದಲೇ ಕಲಘಟಗಿ ಪೇಟೆಗೆ ಬಂದ ಬಸಲಿಂಗಪ್ಪ, ಮಕ್ತುಮಸಾಬನಿಗೆ ವಿಲಾಯತಿಯ ಸಾಹೇಬ ಸ್ವತಃ ಕಾಗದ ಬರೆದಿದ್ದಾನೆಂದು ಅಂಗಡಿ ಅಂಗಡಿಗೂ ಹೇಳಿಬಿಟ್ಟಿದ್ದ. ನಾನು ತಂಬೂರಿಗೆ ಹೋದಾಗ ಮಕ್ತುಮಸಾಬನ ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಓಣಿಯ ಹಿರಿಯರು ಕೂತಿದ್ದರು. ಮಕ್ತುಮಸಾಬ ತೊಳೆದ ಅಂಗಿ ಹಾಕಿಕೊಂಡಿದ್ದ. ಪಡುವಣದಲ್ಲಿ ಮೋಡ ಕಟ್ಟಿತ್ತು.

ಚಾಕುವನ್ನು ಇಬ್ಬರ ನಡುವೆ ಇಟ್ಟೆ. ಅವನು ಅದರ ಕಡೆ ಕೈ ಚಾಚಲಿಲ್ಲ.

“ಮದಲ ಕಾಗದಾ ಓದ್ರಿ, ಮಾಸ್ತರ. ಎಲ್ಲಾರೂ ಕೇಳ್ಲಿ.”

ಸುಳ್ಳು ಓದಬಹುದಿತ್ತು. ಅಲ್ಲಿ ಇಂಗ್ಲೀಷು ಬಲ್ಲವನು ನಾನೊಬ್ಬನೇ. ಆದರೆ ಗಾಯ ಮಾಯ್ದ ಅವನ ತೋರುಬೆರಳು ಜಮಖಾನೆಯ ಮೇಲೆ ನೆಟ್ಟಗೆ ನನ್ನ ಕಡೆ ಮುಖ ಮಾಡಿತ್ತು. ಅದು ಈಗ ಪೂರ್ತಿ ಮಡಚುತ್ತಿರಲಿಲ್ಲ. ಓದಿದೆ.

“ಕೆಲಸ ಮುಗಿದ ಕೂಡಲೇ ಅಲಗನ್ನು ಒಣಬಟ್ಟೆಯಿಂದ ಒರೆಸು. ಕಪ್ಪಾದರೆ ಹೆದರಬೇಡ, ಕಪ್ಪು ಉಕ್ಕನ್ನು ಕಾಯುತ್ತದೆ, ಕೆಂಪು ತಿನ್ನುತ್ತದೆ.”

“ಖರೇ ಐತಿ,” ಎಂದ ಮಕ್ತುಮಸಾಬ, ಸುತ್ತಲೂ ನೋಡಿ.

“ನುಣುಪಾದ ಕಲ್ಲಿನ ಮೇಲೆ ಹಗುರಾಗಿ ಮಸೆ, ಆಮೇಲೆ ತೊಗಲಿನ ಮೇಲೆ ಎಳೆ. ಅಲಗು ಮಡಚುವ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ.”

“ಇದೆಲ್ಲಾ ನಾ ಮಾಡೂದ ಐತಲ್ಲ! ಸಾಹೇಬಗ ಹೆಂಗ ಗೊತ್ತಾತ್ರಿ?” ಹಿರಿಯರು ನಕ್ಕರು. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಆ ವರ್ಷ ಕಂಡಿರಲಿಲ್ಲ.

ಕಡೆಯ ಸಾಲು ಉಳಿದಿತ್ತು. ಚೀಟಿಯನ್ನು ಮಡಚಿದೆ, ಮತ್ತೆ ಬಿಡಿಸಿದೆ.

“ಇದರ ಸ್ಪ್ರಿಂಗು ಮುಪ್ಪಿನಿಂದ ಮುರಿದದ್ದಲ್ಲ. ಅಡಿಗೆ ಎಣ್ಣೆ ಹಾಕಿ ತಿಂಗಳುಗಟ್ಟಲೆ ಮುಚ್ಚಿಟ್ಟು, ಅಂಟಿದ ಮೇಲೆ ಎಳೆದು ಮುರಿದವನಿಗೆ ಇಂಥ ಚಾಕು ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ.”

ಮಕ್ತುಮಸಾಬ ತಗ್ಗಿದ ಧ್ವನಿಯಲ್ಲಿ, “ನಾ ಅಡಿಗಿ ಎಣ್ಣಿ ಹಾಕಿಲ್ಲಲ್ರಿ,” ಎಂದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. “ನೀ ಏನರ ಹಾಕಿದ್ದೇನ?”

ಆಕೆ ಬಾಯಿ ತೆರೆಯುವ ಮೊದಲು ನಾನು ಹೇಳಿದೆ: “ಆಕಿ ಅಲ್ಲ. ನಾನು. ಎಣ್ಣಿ ಹಾಕಿದಾಂವ ನಾನು, ಇಕ್ಕಳ ಹಾಕಿ ಎಳದಾಂವ ನಾನು. ಆ ಸಾಹೇಬಗ ನಿನ್ನ ಹೆಸರ ಹೇಳಿದಾಂವನೂ ನಾನು.”

ಅವನು ತನ್ನ ಬೆರಳನ್ನು ನೋಡಿಕೊಂಡ. “ಇದು?”

“ಅದೂ ನಾನೇ.”

ಓಣಿಯ ಹಿರಿಯರು ಒಬ್ಬೊಬ್ಬರಾಗಿ ಮೋಡದ ಕಡೆ ನೋಡತೊಡಗಿದರು. ಚಾಕು ನಮ್ಮಿಬ್ಬರ ನಡುವೆ ಜಮಖಾನೆಯ ಮೇಲೆ ಬಿದ್ದಿತ್ತು. ಅವನು ಎತ್ತಿಕೊಳ್ಳಲಿಲ್ಲ. ಕೈ ಮಾತ್ರ ಚಾಚಿದ, ಅಂಗೈ ಮೇಲಾಗಿ, ನನ್ನ ಎದೆಯ ನೇರಕ್ಕೆ.

“ಕೈಯಾಗ ಕೊಡ್ರಿ.”

“ಜಗಳ ಹತ್ತತೈತಿ, ಮಕ್ತುಮಸಾಬ.”

“ಹತ್ಲಿ. ಹತ್ತಬೇಕಾದ್ದು ಒಂದ ವರ್ಷ ತಡಾ ಆಗೇತಿ.”

ಎತ್ತಿ ಅವನ ಅಂಗೈ ಮೇಲಿಟ್ಟೆ.

ಜಗಳ ಹತ್ತಿತು. ನಮ್ಮ ಹಿರಿಯರ ನಂಬಿಕೆ ಸುಳ್ಳಲ್ಲವೆಂದು ನಾನು ಬೇಕಾದಲ್ಲಿ ಸಾಕ್ಷಿ ಹೇಳಬಲ್ಲೆ. ಅವನು ಎದ್ದು ನಿಂತು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾಗದು. ಕೆಲವು ಉರ್ದುವಿನಲ್ಲಿದ್ದವು, ಅವು ಹೆಚ್ಚು ಸೌಮ್ಯವಾಗಿದ್ದವೆಂದು ನಂಬಿಕೊಂಡಿದ್ದೇನೆ. ಹದಿನೈದು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಸಂತೆಯಲ್ಲಿ ಎದುರಾದರೆ ರಸ್ತೆಯ ಆಚೆ ಬಾಜು ಹಿಡಿದ. ಮಳೆ ಹಿಡಿಯಿತು. ಅವನು ಎಲ್ಲರ ತೋಟಕ್ಕೆ ಹೋದ, ನನ್ನ ತೋಟ ಬಿಟ್ಟು. ಕಟ್ಟಿದ ಕಸಿಗಳು ಹಿಡಿಯುತ್ತಿವೆ ಎಂದು ಕೇಳಿದೆ.

ಹದಿನಾರನೆಯ ದಿನ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ನನ್ನ ತೋಟದ ಒಳಗಿನಿಂದ ಒಂದು ಸದ್ದು ಬಂತು.

“ಟಕ್.”

ಹೋಗಿ ಮಾತಾಡಿಸುವ ಧೈರ್ಯ ನನಗಾಗಲಿಲ್ಲ. ಕಲಘಟಗಿಯ ದರ್ಜಿಯಿಂದ ತಂದಿಟ್ಟಿದ್ದ ಮಷಿನ್ ಎಣ್ಣೆಯ ಸಣ್ಣ ಬಾಟಲಿಯನ್ನು ತೆಗೆದುಕೊಂಡು ಹೋಗಿ, ಬದುವಿನ ಕಲ್ಲಿನ ಮೇಲೆ ಇಟ್ಟು, ತಿರುಗಿ ನೋಡದೆ ಬಂದೆ.

ಗಳಿಗೆ ಬಿಟ್ಟು ಕಿಟಕಿಯಿಂದ ನೋಡಿದೆ. ಕಲ್ಲಿನ ಮೇಲೆ ಬಾಟಲಿ ಇರಲಿಲ್ಲ.